ಗಣಪುಗೆ ಒಂದು ಪತ್ರ: ಹಳೇ ಟ್ರಾನ್ಸ್ ಎಂತಕ್ಕೆ ಹಾಕುವುದಿಲ್ಲ

ಮಾಪುಸಾ, ಶುಕ್ರವಾರ

ಗಣಪು ಮಾರಾಯಾ,

ನಿನ್ನ ವಾಯ್ಸ್ ಮೆಸೇಜು ಕೇಳಿದೆ. ಕಳೆದ ವಾರ ಇಲ್ಲಿ ಗೋವಾದ ವಾಗಾತೋರಿಗೆ ಬಂದು ಮೂರು ತಾಸು ನಿಂತರೂ ನಮ್ಮ ಕಾಲದ ಟ್ರಾನ್ಸ್, ಇಡೀ ರಾತ್ರಿ ಕುಣಿಸುತ್ತಿದ್ದ ಆ ಎಲೆಕ್ಟ್ರಾನಿಕ್ ಸಂಗೀತ, ಒಂದೂ ಹಾಕಲಿಲ್ಲ, ಈ ಡೀಜೆ ಹುಡುಗರಿಗೆ ಎಂತ ರೋಗ ಅಂತ ಬೈದದ್ದೂ ಕೇಳಿತು. ನನಗೆ ಹೇಳದೆ ಬಂದು ಹೋದದ್ದಕ್ಕೆ ನಿನಗೆ ಸಿಗಬೇಕಾದ ಬೈಗುಳ ಬೇರೆ ಇದೆ, ಅದು ಸಿಕ್ಕಾಗ. ಇವತ್ತು ಸಂತೆ. ಅಂಗಡಿ ಮುಂದೆ ಗಾಡಿ ನಿಲ್ಲಿಸಲಿಕ್ಕೆ ಜಾಗ ಇಲ್ಲ, ಸ್ಪೀಕರ್ ಬಾಡಿಗೆ ಕೇಳಿಕೊಂಡು ಯಾರೂ ಬರುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮೂರ ಬಯಲಾಟ ನೆನಪು ಮಾಡಿಕೊ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಲ್ಲ ಮುಗಿದು ಪ್ರಸಂಗ ಶುರುವಾಗುವಾಗ ನಾವು ಒಂದು ನಿದ್ದೆ ತೆಗೆದಿರುತ್ತಿದ್ದೆವು. ಆಮೇಲೆ ರಾಕ್ಷಸನ ಒಡ್ಡೋಲಗ, ಅವನು ರಂಗಕ್ಕೆ ಬರುವ ಕುಣಿತ. ತೆರೆಯ ಮೇಲಿಂದ ಬರೇ ಕಿರೀಟದ ತುದಿ, ಇಲ್ಲಿ ಎರಡು ಬೆರಳು, ಅಲ್ಲಿ ಒಂದು ಕಣ್ಣು. ಚಂಡೆ ಏರುತ್ತಲೇ ಇರುತ್ತದೆ, ಅವನು ಮಾತ್ರ ಬರುವುದಿಲ್ಲ. ಈಗ ಕಾಲಮಿತಿ ಆಟದಲ್ಲಿ ಮೂರು ತಾಸಿಗೆ ಮಂಗಳ. ಭಾಗವತರಿಗೆ ಒಡ್ಡೋಲಗ ಮರೆತಿಲ್ಲ. ಅಷ್ಟುದ್ದ ಕುಣಿಸಿದರೆ ಪ್ರಸಂಗ ಮುಗಿಯುವುದಿಲ್ಲ, ಅಷ್ಟೇ. ಹಳೇ ಟ್ರಾನ್ಸಿಗೆ ಆದದ್ದೂ ಅದೇ ಎಂದು ನನ್ನ ಲೆಕ್ಕ. ಇಡೀ ರಾತ್ರಿ ಇದೆ ಎಂದು ನಂಬಿ ಮಾಡಿದ ಸಂಗೀತ ಅದು.

ನಾವು ಮೊದಲ ಸಲ ಬಂದದ್ದು 1998ರ ಡಿಸೆಂಬರ್. ಕೊಂಕಣ ರೈಲು ಪೂರ್ತಿ ಶುರುವಾಗಿ ವರ್ಷ ಆಗಿರಲಿಲ್ಲ. ಕುಮಟೆಯಲ್ಲಿ ಹತ್ತಿ ಥಿವಿಂನಲ್ಲಿ ಇಳಿದು, ಅಂಜುನಾದ ಗುಡ್ಡದ ಮೇಲೆ ಚಾಪೆ ಹಾಸಿ ಚಾ ಮಾರುತ್ತಿದ್ದ ಹೆಂಗಸರ ಪಕ್ಕ ಕೂತಿದ್ದೆವಲ್ಲ. ರಾತ್ರಿ ಎರಡರ ಸುಮಾರಿಗೆ ಹಾಕುತ್ತಿದ್ದದ್ದು ಕರ್ರಗಿನ, ಗಟ್ಟಿ ಸಂಗೀತ. ಬೆಳಕು ಹರಿಯುತ್ತ ಬಂದ ಹಾಗೆ ಒಂದರ ಮೇಲೊಂದು ಸ್ವರದ ಎಳೆ ಬಿಚ್ಚಿಕೊಳ್ಳುತ್ತಿತ್ತು. ಬೆಳಗಿನ ಜಾವಕ್ಕೆ ಭಾಗವತರು ರಾಗ ಬದಲಿಸಿದ ಹಾಗೆಯೇ. ನೀನು ಅತ್ತದ್ದು ಆವಾಗ. ಇಲ್ಲ ಅನ್ನಬೇಡ.

ಆ ಬೆಳಗಿನ ಜಾವ ಈಗ ಬಯಲಲ್ಲಿ ಇಲ್ಲ. 2000ದಲ್ಲಿ ಶಬ್ದಮಾಲಿನ್ಯ ನಿಯಮ ಬಂತು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಮೈಕು ಹಚ್ಚುವಂತಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಗಟ್ಟಿ ಮಾಡಿತು. ಸರಕಾರ ವರ್ಷಕ್ಕೆ 15 ದಿನ ಮಾತ್ರ ಹನ್ನೆರಡರವರೆಗೆ ಬಿಡಬಹುದು. (ಹತ್ತು ನಿಮಿಷ ಹೆಚ್ಚಾಯಿತು ಅಂತ ನನ್ನ ಎರಡು ಆಂಪ್ಲಿಫೈಯರ್ ಒಂದು ಠಾಣೆಯಲ್ಲಿ ಹನ್ನೊಂದು ದಿನ ಕೂತಿದ್ದವು. ಆದರೂ ನಿಯಮ ತಪ್ಪು ಅಂತ ಹೇಳಲಾರೆ. ಊರವರಿಗೂ ನಿದ್ದೆ ಬೇಕಲ್ಲ.) ಇದ್ದ ನಾಲ್ಕು ತಾಸನ್ನು ನಾಲ್ಕು ಡೀಜೆಗಳು ಹಂಚಿಕೊಳ್ಳುತ್ತಾರೆ. ನಮ್ಮ ಕಾಲದ ಟ್ರ್ಯಾಕು ಒಂದೊಂದು ಎಂಟು ಒಂಬತ್ತು ನಿಮಿಷ. ಪೂರ್ತಿ ಬಿಟ್ಟರೆ ಒಬ್ಬನ ಪಾಳಿಯಲ್ಲಿ ಏಳು ಹಾಡಿಗೆ ಮುಗಿಯಿತು.

ಇನ್ನೊಂದು ಇದೆ, ನನ್ನಂಥ ವಯರ್ ಎಳೆಯುವವನಿಗೇ ಕಾಣುವಂಥದ್ದು. ಆ ಕಾಲದಲ್ಲಿ ಗೋವಾದಲ್ಲಿ ಧೂಳು, ಬಿಸಿಲಿಗೆ ರೆಕಾರ್ಡು ಬಾಳುತ್ತಿರಲಿಲ್ಲ, ಹಾಗಾಗಿ ಡ್ಯಾಟ್, ಅಂದರೆ ಡಿಜಿಟಲ್ ಆಗಿ ಹಾಡು ತುಂಬಿಸುವ ಸಣ್ಣ ಕ್ಯಾಸೆಟ್ಟು. ಅದರ ಹೆಚ್ಚಿನ ಡೆಕ್ಕುಗಳಲ್ಲಿ ವೇಗ ಹೆಚ್ಚು ಕಡಿಮೆ ಮಾಡಲಿಕ್ಕಾಗುತ್ತಿರಲಿಲ್ಲ. ತಾಳಕ್ಕೆ ತಾಳ ಕೂಡಿಸಲು ಬರದ್ದರಿಂದ ಒಂದು ಮುಗಿಯುತ್ತ ಬಂದಾಗ ಇನ್ನೊಂದನ್ನು ಮೆಲ್ಲಗೆ ಬಿಡುವುದು. ಅದಕ್ಕೇ ಹಾಡಿನ ಶುರುವಿಗೂ ಕೊನೆಗೂ ತಾಳ ಇಲ್ಲದ ಉದ್ದುದ್ದ ಗಾಳಿ, ಅಲೆ, ಯಾರದೋ ಮಾತು. ಇಲ್ಲಿಯ ಹಳೇ ಡೀಜೆ ಗೋವಾ ಗಿಲ್ ಇದ್ದರಲ್ಲ, 2023ರಲ್ಲಿ ತೀರಿಕೊಂಡರು. ಉಳಿದವರೆಲ್ಲ ಸೀಡಿಗೆ ಹೋದ ಎಷ್ಟೋ ಕಾಲದ ಮೇಲೂ ಅವರದು ಡ್ಯಾಟೇ. ಇಪ್ಪತ್ತನಾಲ್ಕು ತಾಸು ಒಬ್ಬರೇ ಹಾಕುತ್ತಿದ್ದ ಮನುಷ್ಯನಿಗೆ ಎರಡು ನಿಮಿಷದ ಗಾಳಿ ಯಾವ ಲೆಕ್ಕ! ಈಗಿನ ಹುಡುಗನಿಗೆ ಆ ಎರಡು ನಿಮಿಷ ಅಂದರೆ ಕುಣಿಯುವವರು ಕೈಬಿಟ್ಟು ಹೋಗುವ ಹೊತ್ತು.

ನಾನು ಮಾಡಿ ನೋಡಿದ್ದೇನೆ, ಅದಕ್ಕೇ ಹೇಳುತ್ತಿರುವುದು. ಹೋದ ತಿಂಗಳು ಒಂದು ಕಡೆ ಒಳಗಿನ ಹಾಲಿನಲ್ಲಿ ಸೌಂಡ್ ನನ್ನದೇ. ಡೀಜೆ ಬೆಳಗಾವಿ ಕಡೆಯ ಹುಡುಗ, ಒಳ್ಳೆಯವನು, ನನಗೆ ಅಣ್ಣಾ ಅನ್ನುತ್ತಾನೆ. ಪೆನ್‌ಡ್ರೈವಿನಲ್ಲಿ 1996ರದ್ದೊಂದು ಕೊಟ್ಟೆ. ಪ್ಲೇಯರಿನ ಪರದೆಯಲ್ಲಿ ಶಬ್ದ ಎಷ್ಟು ಗಟ್ಟಿ ಅಂತ ಗೆರೆಯಲ್ಲಿ ಕಾಣುತ್ತದೆ; ಅವನ ಟ್ರ್ಯಾಕು ಗೋಡೆಯ ಹಾಗೆ ತುಂಬಿಕೊಂಡಿತ್ತು, ನನ್ನದು ಬಂಗುಡೆ ಮುಳ್ಳಿನ ಹಾಗೆ. ಶಬ್ದ ಏರಿಸುವ ಗೇನ್ ಗುಂಡಿ ಎಷ್ಟು ತಿರುಗಿಸಿದರೂ ಎದೆಗೆ ಬಡಿಯಲಿಲ್ಲ. ನನ್ನ ಹದಿನೆಂಟು ಇಂಚಿನ ಬೇಸ್ ಸ್ಪೀಕರು ಕೆಲಸ ಇಲ್ಲದೆ ಸುಮ್ಮನೆ ಕೂತಿತ್ತು. ಅವನು ಹಾಕುತ್ತಿದ್ದದ್ದು ನಿಮಿಷಕ್ಕೆ 124 ಪೆಟ್ಟಿನ ವೇಗ, ನನ್ನದು 138. ನೂರಕ್ಕೆ ಹತ್ತರಷ್ಟು ಎಳೆದು ಇಳಿಸಿದರೆ ಸ್ವರವೆಲ್ಲ ಒದ್ದೆ ಬಟ್ಟೆ. ಯಾರೋ ರೆಕಾರ್ಡಿನಿಂದ ಇಳಿಸಿಕೊಂಡ ಪ್ರತಿ ಬೇರೆ, ವೇಗ ಅಷ್ಟಷ್ಟೇ ಜಾರುತ್ತಿತ್ತು, ಅವನು ಬೆರಳಲ್ಲಿ ದೂಡಿ ದೂಡಿ ಸರಿ ಮಾಡುತ್ತಿದ್ದ. ಮೇಲಿಂದ ನಮ್ಮದರ ತುಂಬ ರಾಗ. ಅವನ ಹಾಡಿನ ಶ್ರುತಿಗೆ ಕೂಡದೆ, ಇಬ್ಬರು ಭಾಗವತರು ಬೇರೆ ಬೇರೆ ಶ್ರುತಿಯಲ್ಲಿ ಹಾಡಿದ ಹಾಗಾಯಿತು.

ಆಮೇಲೆ ತಾಳ ನಿಂತಿತು. ನಿನಗೆ ಗೊತ್ತಲ್ಲ, ಬರೇ ಸ್ವರ ಏರುತ್ತ ಹೋಗುವ ಆ ಜಾಗ. ನಾನು ಕಣ್ಣು ಮುಚ್ಚಿದೆ. ತೆರೆದು ನೋಡಿದರೆ ಅರ್ಧ ಜನ ಕೌಂಟರ್ ಹತ್ತಿರ, ಉಳಿದವರ ಕೈಯಲ್ಲಿ ಫೋನು. ಹುಡುಗ ನನ್ನ ಮುಖ ನೋಡಿದ. ನಾನೇ ಕೈಸನ್ನೆ ಮಾಡಿದೆ, ತೆಗೆ ಅಂತ.

ಹಾಗಂತ ಎಲ್ಲ ತಪ್ಪೂ ಯಂತ್ರದ್ದಲ್ಲ. ಧೈರ್ಯವೂ ಸ್ವಲ್ಪ ಕಮ್ಮಿ. ಎಷ್ಟೋ ಹಾಡು ಡ್ಯಾಟಿನಲ್ಲಿ ಕೈಯಿಂದ ಕೈಗೆ ಹೋದದ್ದು ಬಿಟ್ಟರೆ ಅಂಗಡಿಗೇ ಬರಲಿಲ್ಲ. ಅದನ್ನು ಹುಡುಕುವ ಚಟ ಇವರಿಗಿಲ್ಲ. ಮೂವತ್ತು ಸೆಕೆಂಡಿನ ರೀಲಿಗೆ ಆಗುವುದಷ್ಟೇ ಆರಿಸಿಕೊಳ್ಳುತ್ತಾರೆ. ಹಳತು ಬೇಕಾದರೆ ಹೊಸ ವೇಷ ತೊಡಿಸಿ ತರುತ್ತಾರೆ. 'ಏಜ್ ಆಫ್ ಲವ್' ಹಾಡು 1990ರದ್ದು, 1992ರಲ್ಲಿ ಜಾಮ್ ಆಂಡ್ ಸ್ಪೂನ್ ತಿದ್ದಿದ್ದೇ ನಮಗೆ ಸಿಕ್ಕಿದ್ದು. 2021ರಲ್ಲಿ ಶಾರ್ಲೆಟ್ ಡಿ ವಿಟ್ ಮತ್ತು ಎನ್ರಿಕೊ ಸಾಂಜುಲಿಯಾನೊ ಮತ್ತೆ ಮಾಡಿದರು. ಅದನ್ನು ಹಾಕಿದರೆ ಇದೇ ಹಾಲು ಕುಣಿಯುತ್ತದೆ, ಕಣ್ಣಾರೆ ಕಂಡಿದ್ದೇನೆ. ನನಗೂ ಇಷ್ಟವೇ, ಸುಳ್ಳು ಯಾಕೆ ಹೇಳಲಿ.

ನೀನು ಬರುವುದಾದರೆ ಜನವರಿ ಎರಡನೇ ವಾರದಲ್ಲಿ ಬಾ, ಕ್ರಿಸ್ಮಸ್ ಸುತ್ತ ರೂಮು ಸಿಗುವುದಿಲ್ಲ. ಗೋಡೌನಿನಲ್ಲಿ ಎರಡು ಟಾಪ್ ಸ್ಪೀಕರು ಒಂದು ಬೇಸು ಹಚ್ಚಿಕೊಂಡು ಬಾಗಿಲು ಹಾಕಿ ಕೂರುವ, ಯಾರ ತಕರಾರೂ ಇಲ್ಲ. ನಿನ್ನ ಹತ್ತಿರ ಇರುವ ಆ ಎರಡು ಕ್ಯಾಸೆಟ್ಟು ಮರೆಯದೆ ತಾ. ನನ್ನ ಡೆಕ್ಕಿನ ಬೆಲ್ಟು ಹರಿದಿದೆ, ಇಲ್ಲಿ ಎಲ್ಲೂ ಸಿಗಲಿಲ್ಲ. ಕುಮಟೆಯಲ್ಲಿ ನಮ್ಮ ಹಳೇ ರೇಡಿಯೋ ರಿಪೇರಿಯವರ ಹತ್ತಿರ ಕೇಳಿ ನೋಡು, ಸಿಕ್ಕರೆ ಎರಡು ತೆಗೆದುಕೊ.

ಇಂತಿ ನಿನ್ನ,
ಮಂಜು