ಶೌಚಾಲಯಕ್ಕೆ ಬಿಡದೆ ನೀರು ಕುಡಿ ಅಂದರೆ ಹೇಗೆ?

ಮಾನ್ಯ ಸಂಪಾದಕರೇ,

ಬಿಸಿಲು ಏರಿತು ಅಂದರೆ ಎಲ್ಲರೂ ಹೇಳುವುದು ಒಂದೇ ಮಾತು, ಜಾಸ್ತಿ ನೀರು ಕುಡಿಯಿರಿ. ನಾನು ಪೀಣ್ಯದ ಕಡೆ ಒಂದು ಕ್ಲಿನಿಕ್‌ನಲ್ಲಿ ನರ್ಸ್. ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು ಸಂಜೆ ಕೆಲಸ ಬಿಟ್ಟು ನೇರ ಇಲ್ಲಿಗೇ ಬರುತ್ತಾರೆ. ಉರಿಮೂತ್ರ, ತಲೆನೋವು, ಕಿಬ್ಬೊಟ್ಟೆ ನೋವು. ಪರೀಕ್ಷೆಗೆ ಕೊಟ್ಟ ಡಬ್ಬಿಯ ತಳದಲ್ಲಿ ಒಂದಿಷ್ಟೇ ಮೂತ್ರ, ಅದೂ ಕಡುಹಳದಿ. ನೀರು ಕುಡಿಯಲ್ವೇನಮ್ಮಾ ಅಂದರೆ, "ಕುಡಿದ್ರೆ ಹೋಗ್ಬೇಕಾಗುತ್ತಲ್ಲ ಸಿಸ್ಟರ್, ಮಷೀನ್ ಬಿಟ್ಟು ಎದ್ರೆ ಸೂಪರ್‌ವೈಸರ್ ಬೈತಾರೆ" ಅನ್ನುತ್ತಾರೆ.

ಅವರ ದೇಹ ಕೇಳುತ್ತಲೇ ಇರುತ್ತದೆ. ನೀರು ಕಡಿಮೆಯಾಗಿ ರಕ್ತದ ಉಪ್ಪಿನಂಶ ಶೇ 1–2ರಷ್ಟು ಏರಿದರೂ ಸಾಕು, ಮಿದುಳಿನ ಹೈಪೋಥಲಾಮಸ್‌ಗೆ ಗೊತ್ತಾಗುತ್ತದೆ. ಬಾಯಾರಿಕೆ ಹುಟ್ಟುತ್ತದೆ. ಜೊತೆಗೆ ವಾಸೊಪ್ರೆಸಿನ್ ಅನ್ನುವ ಹಾರ್ಮೋನು ರಕ್ತ ಸೇರುತ್ತದೆ, ಕಿಡ್ನಿ ನೀರು ಬಿಡದೆ ಹಿಡಿದಿಡುತ್ತದೆ. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ ಲೀಟರ್ ಆಸುಪಾಸು ಮಾತ್ರ ಹೊರಗೆ ಕಳಿಸುವ ಅಂಗ ಅದು. ಎಂಥಾ ಕೆಲಸ ಅಲ್ವಾ! ಆದರೆ ರಕ್ತದ ಕಸ ಹೊರಹೋಗಲು ದಿನಕ್ಕೆ ಅರ್ಧ ಲೀಟರ್ ಮೂತ್ರವಾದರೂ ಬೇಕೇ ಬೇಕು. ಇಸ್ತ್ರಿ ವಿಭಾಗದ ಆವಿಯಲ್ಲಿ ನಿಂತವರ ಬೆವರನ್ನು ಕಿಡ್ನಿ ತಡೆಯಲಾರದು.

ರಾತ್ರಿ ಮನೆಗೆ ಹೋಗಿ ಕುಡೀತೀನಿ ಅನ್ನುವವರೂ ಇದ್ದಾರೆ. ಕೊರತೆ ತುಂಬಿದ ಮೇಲೆ ಮಿಕ್ಕ ನೀರು ಮೂತ್ರವಾಗಿ ಹೋಗುತ್ತದೆ. ನಾಳೆಗೆ ಅಂತ ತುಂಬಿಡಲು ದೇಹದಲ್ಲಿ ಸಂಪ್ ಇಲ್ಲ. ಮೂತ್ರ ತಡೆದಷ್ಟೂ ಚೀಲದೊಳಗಿನ ಬ್ಯಾಕ್ಟೀರಿಯಾಗೆ ಬೆಳೆಯಲು ಹೊತ್ತು ಸಿಗುತ್ತದೆ. ಹೆಂಗಸರ ಮೂತ್ರನಾಳ ಬರೀ 4 ಸೆಂಟಿಮೀಟರ್ ಉದ್ದ, ಸೋಂಕು ಬೇಗ ಒಳಗೆ ಸೇರುತ್ತದೆ. ನಾವು ಮಾತ್ರೆ ಕೊಡುತ್ತೇವೆ, ವಾಸಿಯಾಗುತ್ತದೆ, ಅದೇ ಹುಡುಗಿ ಅದೇ ನೋವು ಹೊತ್ತು ಮತ್ತೆ ಬರುತ್ತಾಳೆ. ನನಗೆ ಹೊಟ್ಟೆ ಉರಿಯುವುದು ಅಲ್ಲೇ.

ಕಾರ್ಮಿಕರಿಗೆ ಕೆಲಸದ ಹೊತ್ತಿನಲ್ಲಿ ಯಾವಾಗ ಬೇಕಾದರೂ ಶೌಚಾಲಯ ಸಿಗಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ತಪಾಸಣೆಗೆ ಹೋಗುವ ಅಧಿಕಾರಿಗಳು ಸುಮ್ನೆ ಶೌಚಾಲಯಗಳನ್ನು ಎಣಿಸಿ ಬರಬಾರದು. ಊಟದ ಬಿಡುವು ಬಿಟ್ಟು ಬೇರೆ ಹೊತ್ತಲ್ಲಿ ಎದ್ದು ಹೋಗಲು ಬಿಡ್ತಾರಾ ಅಂತ ಆ ಹೆಣ್ಣುಮಕ್ಕಳನ್ನೇ ಕೇಳಲಿ, ಸೂಪರ್‌ವೈಸರ್ ಪಕ್ಕದಲ್ಲಿ ಇಲ್ಲದಾಗ.

– ಒಬ್ಬ ನರ್ಸ್, ಲಗ್ಗೆರೆ, ಬೆಂಗಳೂರು