ಬೆಟ್ಟದ ಹಳೆಯ ಚಿನ್ನದ ಗಣಿ: ಬಾಯಿಯವರೆಗೆ ಹೋಗಿ, ಒಳಗೆ ಬೇಡ

ಮಾನ್ಯ ಸಂಪಾದಕರೇ,

ಬೆಟ್ಟಗಳ ನಡುವೆ ಎಂದೋ ಮುಚ್ಚಿಹೋದ ಚಿನ್ನದ ಗಣಿಗಳೊಳಗೆ ಹಣೆಗೊಂದು ದೀಪ ಕಟ್ಟಿಕೊಂಡು ನುಗ್ಗುವವರ ವಿಡಿಯೊಗಳು ಈಗ ಬಹಳ ಜನಪ್ರಿಯವಾಗಿವೆ. ಪ್ರವಾಸ ಪುಟಗಳಲ್ಲಿಯೂ ಅಂಥ ಸಾಹಸದ ಬರಹಗಳು ಆಗಾಗ ಕಾಣುತ್ತವೆ. ಅವುಗಳಲ್ಲಿ ಕತ್ತಲಿನ ವರ್ಣನೆ ಇರುತ್ತದೆ, ಮೇಲಿನ ಬಂಡೆ ಕುಸಿದೀತೆಂಬ ಅಂಜಿಕೆಯೂ ಇರುತ್ತದೆ, ಆದರೆ ಒಳಗಿನ ಗಾಳಿಯ ಬಗ್ಗೆ ಒಂದು ಮಾತೂ ಇರುವುದು ಅಪರೂಪ. ಈ ಪತ್ರ ಮುಖ್ಯವಾಗಿ ಆ ಗಾಳಿಯನ್ನು ಕುರಿತದ್ದು.

ಬೆಟ್ಟದ ಗಣಿಯ ಮೊದಲ ಮೋಸವೆಂದರೆ ಅದರೊಳಕ್ಕೆ ಸಲೀಸಾಗಿ ನಡೆದುಕೊಂಡೇ ಹೋಗಬಹುದು ಎಂಬುದು. ಚಿನ್ನವಿರುವ ಬೆಣಚುಕಲ್ಲಿನ ಪಟ್ಟೆ ಬೆಟ್ಟದ ಓರೆಯಲ್ಲಿ ಸಿಕ್ಕರೆ, ಗಣಿಗಾರರು ಅಲ್ಲಿಂದ ಅಡ್ಡಲಾಗಿ ಸುರಂಗ ಕೊರೆಯುತ್ತಿದ್ದರು. ನೀರು ತಾನಾಗಿ ಹೊರಗೆ ಹರಿಯಲಿ, ಅದಿರು ತುಂಬಿದ ಗಾಡಿಯನ್ನು ತಳ್ಳುವುದು ಹಗುರವಾಗಲಿ ಎಂದು ಅದನ್ನು ಬಾಯಿಯ ಕಡೆಗೆ ತುಸು ಇಳಿಜಾರಾಗಿ ಇಡುತ್ತಿದ್ದರು. ಹೀಗಾಗಿ ನೋಡುವವರಿಗೆ ಅದು ಸುಮ್ಮನೆ ಒಂದು ಓಣಿಯಂತೆ ಕಾಣುತ್ತದೆ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಆ ಓಣಿಯಲ್ಲಿ ಗಾಳಿಯಾಡುವಂತೆ ಮಾಡಲು ಬೇರೆ ಕೊಳವೆಗಳೂ ಬೀಸುಯಂತ್ರಗಳೂ ಇರುತ್ತಿದ್ದವು ಎಂಬುದು ಈಗ ಕಣ್ಣಿಗೆ ಬೀಳುವುದಿಲ್ಲ.

ಗಾಳಿಯಾಟ ನಿಂತ ಮೇಲೆ ಗಣಿಯೇ ತನ್ನೊಳಗಿನ ಆಮ್ಲಜನಕವನ್ನು ತಿನ್ನತೊಡಗುತ್ತದೆ. ಚಿನ್ನದ ಅದಿರಿನ ಜೊತೆಗಿರುವ ಪೈರೈಟ್‌ನಂಥ ಗಂಧಕದ ಖನಿಜಗಳು ತೇವದಲ್ಲಿ ಆಮ್ಲಜನಕದೊಡನೆ ಸೇರಿ ಬದಲಾಗುತ್ತವೆ, ಆಧಾರಕ್ಕೆ ಕೊಟ್ಟ ಮರದ ತೊಲೆಗಳು ಕೊಳೆಯುತ್ತವೆ. ಕೊನೆಗೆ ಉಳಿಯುವುದು ಹೆಚ್ಚಾಗಿ ಸಾರಜನಕ ಮತ್ತು ಇಂಗಾಲದ ಡೈಆಕ್ಸೈಡ್. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಾವು ಹೊರಗೆ ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 20.9ರಷ್ಟಿರುತ್ತದೆ, ಅದು ಶೇ 19.5ಕ್ಕಿಂತ ಕಡಿಮೆಯಾದರೆ ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳು ಅದನ್ನು ಆಮ್ಲಜನಕದ ಕೊರತೆಯೆಂದೇ ಪರಿಗಣಿಸುತ್ತವೆ. ಶೇ 10ಕ್ಕಿಂತ ಕೆಳಗಿಳಿದರೆ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ, ಶೇ 6ರ ಆಸುಪಾಸಿನಲ್ಲಿ ಕೆಲವೇ ನಿಮಿಷಗಳಲ್ಲಿ ಸಾಯುತ್ತಾನೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ತಗ್ಗಿನಲ್ಲಿ ಶೇಖರವಾಗುತ್ತದೆ. ನಿಂತಾಗ ಏನೂ ಅನ್ನಿಸದವನು ಕಲ್ಲೊಂದನ್ನು ಎತ್ತಿಕೊಳ್ಳಲು ಬಗ್ಗಿದಲ್ಲೇ ಬೀಳಬಹುದು. ಅವನನ್ನು ಎಳೆದು ತರಲು ಓಡಿದ ಗೆಳೆಯನೂ ಅದೇ ಗಾಳಿಯನ್ನೇ ಉಸಿರಾಡಬೇಕಲ್ಲ?

ಹಿಂದಿನವರ ಕೈಯಲ್ಲಿ ಮೇಣದ ಬತ್ತಿಯೋ ಎಣ್ಣೆ ದೀಪವೋ ಇರುತ್ತಿತ್ತು. ಆಮ್ಲಜನಕ ಶೇ 16ರ ಸುಮಾರಿಗೆ ಇಳಿದರೆ ಆ ಜ್ವಾಲೆ ನಂದುತ್ತಿತ್ತು, ಅವರು ಹಿಂದಕ್ಕೆ ಓಡುತ್ತಿದ್ದರು. ಇಂದಿನ ಎಲ್‌ಇಡಿ ದೀಪ ಹೆಣದ ಹಣೆಯ ಮೇಲೂ ಹಾಗೆಯೇ ಉರಿಯುತ್ತಿರುತ್ತದೆ. ಇಷ್ಟು ಕಟುವಾಗಿ ಬರೆದದ್ದಕ್ಕೆ ಓದುಗರು ಕ್ಷಮಿಸಬೇಕು, ಆದರೆ ಒಳ್ಳೆಯ ದೀಪವಿದೆ ಎಂಬ ಧೈರ್ಯಕ್ಕೆ ಅರ್ಥವಿಲ್ಲವೆಂದು ಹೇಳಲು ಇದಕ್ಕಿಂತ ಮೆದುವಾದ ಮಾತು ನನಗೆ ಹೊಳೆಯಲಿಲ್ಲ. ಹೋದ ವಾರ ಬೇರೆಯವರು ಹೋಗಿ ಬಂದರು ಎಂಬ ವಾದವೂ ನಿಲ್ಲುವುದಿಲ್ಲ. ಹೊರಗಿನ ವಾಯುಭಾರ ಇಳಿದಾಗ ಗಣಿಯ ಒಳಮೂಲೆಗಳಲ್ಲಿದ್ದ ಕೆಟ್ಟ ಗಾಳಿ ದಾರಿಗೆ ಹರಿದು ಬರುತ್ತದೆ, ಭಾರ ಏರಿದಾಗ ಹಿಂದೆ ಸರಿಯುತ್ತದೆ; ಬೆಳಿಗ್ಗೆ ಸರಿಯಿದ್ದ ಜಾಗ ಮಳೆ ಕವಿದ ಸಂಜೆಗೆ ಹಾಗಿರಬೇಕೆಂದಿಲ್ಲ.

ಉಳಿದ ಅಪಾಯಗಳು ಎಲ್ಲರಿಗೂ ಅಷ್ಟಿಷ್ಟು ತಿಳಿದವೇ. ಸುರಂಗದ ನೆಲದಲ್ಲೇ ಕೆಳಗಿನ ಹಂತಕ್ಕೆ ತೋಡಿದ ಬಾವಿಗಳಿರುತ್ತವೆ. ಅವುಗಳ ಮೇಲೆ ಹಾಸಿದ ಹಲಗೆ ಕೊಳೆತು ಮಣ್ಣು ಮುಚ್ಚಿಕೊಂಡಿರುತ್ತದೆ, ಅಥವಾ ನೀರು ತುಂಬಿ ಮೊಣಕಾಲುದ್ದದ ಹೊಂಡದಂತೆ ಕಾಣುತ್ತದೆ. ಮೂಲೆಯಲ್ಲಿ ಬಿಟ್ಟುಹೋದ ಡೈನಮೈಟ್‌ನಿಂದ ನೈಟ್ರೋಗ್ಲಿಸರಿನ್ ಎಂಬ ಸ್ಫೋಟಕ ದ್ರವ ಜಿನುಗಿದ್ದರೆ ಸಿಡಿಯಲು ಅದನ್ನು ಮುಟ್ಟುವುದೇ ಸಾಕು.

ಹಾಗಾದರೆ ಹಳೆಯ ಗಣಿಯನ್ನು ನೋಡುವುದೇ ಬೇಡವೇ ಎಂದು ಕೇಳಬಹುದು. ಖಂಡಿತ ನೋಡಬೇಕು. ನನ್ನ ತಕರಾರು ಒಳಗೆ ಹೋದರೆ ಮಾತ್ರ ನೋಡಿದಂತೆ ಎಂಬ ನಂಬಿಕೆಯ ಬಗ್ಗೆ. ಒಳಗಿರುವುದು ಬಹುಮಟ್ಟಿಗೆ ಬರಿದಾದ ಬಂಡೆ. ಗಣಿಯ ಚರಿತ್ರೆ ಹರಡಿರುವುದು ಹೊರಗೆ. ಸುರಂಗದ ಬಾಯಿಯ ಮುಂದೆ ಸುರಿದ ಕಲ್ಲಿನ ರಾಶಿಯ ಗಾತ್ರದಿಂದಲೇ ಒಳಗೆ ಎಷ್ಟು ಕೊರೆದಿದ್ದರೆಂಬ ಅಂದಾಜು ಸಿಗುತ್ತದೆ. ಅದಿರನ್ನು ಕುಟ್ಟಿ ಪುಡಿ ಮಾಡುತ್ತಿದ್ದ ಯಂತ್ರಶಾಲೆಯನ್ನು ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿರುವುದನ್ನು ಕಂಡರೆ, ಕಲ್ಲು ತನ್ನ ಭಾರದಿಂದಲೇ ಒಂದು ಹಂತದಿಂದ ಮತ್ತೊಂದಕ್ಕೆ ಇಳಿದು, ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿದು, ಚಿನ್ನವನ್ನು ಅಲ್ಲಿ ಬಿಟ್ಟುಹೋಗುತ್ತಿದ್ದ ಬಗೆ ಅರ್ಥವಾಗುತ್ತದೆ. 1887ರಲ್ಲಿ ಚಿನ್ನವನ್ನು ಸಯನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುವ ವಿಧಾನ ಬಂದ ಮೇಲೆ ಹಳೆಯ ಪುಡಿಯ ದಿಬ್ಬಗಳನ್ನೇ ಮತ್ತೆ ತೊಳೆದು ಚಿನ್ನ ತೆಗೆದರು. ಈ ದಿಬ್ಬಗಳಲ್ಲಿ ಆರ್ಸೆನಿಕ್, ಪಾದರಸಗಳು ಉಳಿದಿರಬಹುದಾದ್ದರಿಂದ ಅಲ್ಲಿಯೂ ದೂಳೆಬ್ಬಿಸಿಕೊಂಡು ಆಡುವುದು ಸಲ್ಲದು.

ಚಿನ್ನ ಮುಗಿದದ್ದರಿಂದಲೇ ಗಣಿ ಮುಚ್ಚಿತು ಎಂದು ಈ ವಿಡಿಯೊಗಳಲ್ಲಿ ಸಲೀಸಾಗಿ ಹೇಳಿಬಿಡುತ್ತಾರೆ. ಅಮೆರಿಕದಲ್ಲಿ ಎಷ್ಟೋ ಗಣಿಗಳು ನಿಂತದ್ದು 1942ರ ಅಕ್ಟೋಬರ್‌ನಲ್ಲಿ ಅಲ್ಲಿನ ಯುದ್ಧೋತ್ಪಾದನಾ ಮಂಡಳಿ ಹೊರಡಿಸಿದ ಆದೇಶದಿಂದ. ಯುದ್ಧಕ್ಕೆ ಬೇಕಾದ ತಾಮ್ರದಂಥ ಲೋಹಗಳ ಕಡೆಗೆ ಕಾರ್ಮಿಕರನ್ನೂ ಯಂತ್ರಗಳನ್ನೂ ತಿರುಗಿಸುವುದು ಅದರ ಉದ್ದೇಶವಾಗಿತ್ತು. ಯುದ್ಧ ಮುಗಿದ ಮೇಲೆ ಕೂಲಿಯೂ ಸಾಮಗ್ರಿಯ ಬೆಲೆಯೂ ಏರಿದವು, ಚಿನ್ನದ ಬೆಲೆ ಮಾತ್ರ 1934ರಲ್ಲಿ ಸರ್ಕಾರ ಗೊತ್ತುಮಾಡಿದ ಔನ್ಸಿಗೆ 35 ಡಾಲರ್‌ನಲ್ಲೇ ನಿಂತಿತ್ತು. ಅಲಾಸ್ಕಾದ ಟಾಲ್ಕೀಟ್ನಾ ಬೆಟ್ಟಗಳ ಇಂಡಿಪೆಂಡೆನ್ಸ್ ಗಣಿ ಯುದ್ಧಾನಂತರ ಮತ್ತೆ ಬಾಗಿಲು ತೆರೆದರೂ 1951ರಲ್ಲಿ ನಿಂತೇಹೋಯಿತು. ಈ ಕಥೆ ಸುರಂಗದಲ್ಲಿ ಎಷ್ಟು ದೂರ ನಡೆದರೂ ಸಿಗುವಂಥದ್ದಲ್ಲ.

ಕ್ಯಾಲಿಫೋರ್ನಿಯಾದ ಗ್ರಾಸ್ ವ್ಯಾಲಿಯ ಎಂಪೈರ್ ಗಣಿ ಈ ವಿಷಯದಲ್ಲಿ ಒಳ್ಳೆಯ ಮೇಲ್ಪಂಕ್ತಿ. 1956ರಲ್ಲಿ ಮುಚ್ಚಿದ ಆ ಗಣಿಯ ಸುರಂಗಗಳ ಒಟ್ಟು ಉದ್ದ ಸುಮಾರು 590 ಕಿ.ಮೀ. ಈಗ ಅದು ರಾಜ್ಯದ ಚಾರಿತ್ರಿಕ ಉದ್ಯಾನ. ಅಲ್ಲಿ ಕಂಪನಿಯವರು ಹಿಂದೆ ಗುಟ್ಟಾಗಿ ಇಟ್ಟುಕೊಂಡಿದ್ದ, ಭೂಮಿಯಡಿಯ ಸುರಂಗಗಳನ್ನೆಲ್ಲ ತೋರಿಸುವ ಮಾದರಿಯೊಂದನ್ನು ಜನರ ಮುಂದಿಟ್ಟಿದ್ದಾರೆ. ಅದರ ಮುಂದೆ ಸ್ವಲ್ಪ ಹೊತ್ತು ನಿಂತವನಿಗೆ ದೊರೆಯುವಷ್ಟು ತಿಳಿವಳಿಕೆ ದಿನವಿಡೀ ಕತ್ತಲಲ್ಲಿ ತಡಕಾಡಿದವನಿಗೂ ದೊರೆಯದು.

ಇನ್ನೊಂದು ಮಾತು. ಕೆಲವು ಗಣಿಗಳ ಬಾಯಿಗೆ ಅಡ್ಡಡ್ಡ ಕಬ್ಬಿಣದ ಸರಳುಗಳ ಬಾಗಿಲು ಹಾಕಿರುವುದು ಜನ ಒಳಹೋಗದಿರಲಿ, ಆದರೆ ಒಳಗೆ ನೆಲೆಸಿದ ಬಾವಲಿಗಳು ಹಾರಿ ಹೋಗಿಬರಲಿ ಎಂದು. ಅದನ್ನು ಗರಗಸದಿಂದ ಕೊಯ್ದು ಒಳನುಗ್ಗುವುದನ್ನು ಶೌರ್ಯವೆಂಬಂತೆ ತೋರಿಸುವವರ ಬಗ್ಗೆ ನನಗೆ ಸ್ವಲ್ಪವೂ ಗೌರವವಿಲ್ಲ.

ತಮ್ಮ ಪತ್ರಿಕೆಯಲ್ಲಿ ಇನ್ನು ಮುಂದೆ ಇಂಥ ಬರಹ ಅಚ್ಚಾಗುವಾಗ, ಆ ಗಣಿಯನ್ನು ಸಂಬಂಧಪಟ್ಟವರು ಜನರಿಗಾಗಿ ತೆರೆದಿದ್ದಾರೆಯೇ, ಒಳಗೆ ಹೋದವರ ಜೊತೆ ಗಣಿ ಬಲ್ಲವರು ಇದ್ದರೇ, ಆಮ್ಲಜನಕ ಅಳೆಯುವ ಉಪಕರಣವನ್ನು ಒಯ್ದಿದ್ದರೇ ಎಂದು ಲೇಖಕರನ್ನು ಕೇಳಿ, ಉತ್ತರವನ್ನು ಬರಹದ ಮೊದಲಲ್ಲೇ ಪ್ರಕಟಿಸಬೇಕೆಂದು ಕೋರುತ್ತೇನೆ. ಈ ಪ್ರಶ್ನೆಗಳಿಗೆ ಇಲ್ಲವೆಂಬ ಉತ್ತರ ಬಂದರೆ ಸುರಂಗದೊಳಗಿನ ಚಿತ್ರಗಳನ್ನು ಕೈಬಿಟ್ಟು, ಹೊರಗಿನ ಯಂತ್ರಶಾಲೆಯ ಚಿತ್ರವನ್ನು ಹಾಕಬಹುದು.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ