ವಾಪಸ್ ಹೋದವರ ಲೆಕ್ಕ ಯಾರ ಪುಸ್ತಕದಲ್ಲಿದೆ?

ಮಾನ್ಯ ಸಂಪಾದಕರಿಗೆ ನಮಸ್ಕಾರ. ನಮ್ಮ ಭಾಗದ ರೈಲಿನ ವಿಷಯ ಬರೆಯುತ್ತಿದ್ದೇನೆ, ಮಾತು ಮಾತ್ರ ಮಂಡಿಯಿಂದ ಶುರುವಾಗುತ್ತದೆ.

ಮಂಡ್ಯದ ಬೆಲ್ಲದ ಮಂಡಿಯೊಂದರಲ್ಲಿ ಮೂವತ್ತೊಂದು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ನಮ್ಮ ಸಾಹುಕಾರರು ನನ್ನ ಕೈಗೆ ಎರಡು ಪುಸ್ತಕ ಕೊಟ್ಟರು. ಒಂದು ಆವಕದ ಪುಸ್ತಕ. ಯಾರ ಬೆಲ್ಲ, ಎಷ್ಟು ತೂಕ, ಬಗೆ ಅಚ್ಚೋ ಬಕೆಟ್ಟೋ ಕುರಿಕಟ್ಟೋ, ಯಾವ ದರಕ್ಕೆ ಹೋಯಿತು ಎಂಬುದೆಲ್ಲ ಅದರಲ್ಲಿ. ಇನ್ನೊಂದು ಮಕ್ಕಳು ಶಾಲೆಗೆ ಒಯ್ಯುವಂಥ ಸಾದಾ ನೋಟ್‌ಬುಕ್ಕು. "ಗಾಡಿ ಬಾಗಿಲಿಗೆ ಬಂದು ಹಂಗೇ ತಿರುಗಿಸ್ಕೊಂಡು ಹೋಯ್ತಲ್ಲ, ಅದನ್ನ ಇದ್ರಲ್ಲಿ ಬರ್ಕೊ ಕಣಪ್ಪ. ಯಾಕೆ ಹೋದ ಅಂತ್ಲೂ ಕೇಳಿ ಬರಿ. ಬಂದ ಮಾಲು ಎಲ್ರಿಗೂ ಕಾಣ್ತದೆ, ಹೋದ ಮಾಲು ಯಾರಿಗೂ ಕಾಣಲ್ಲ" ಎಂದರು.

ತೂಕಕ್ಕೆ ಸಾಲು ಉದ್ದ ಇತ್ತು, ಹಮಾಲರು ಸಿಗಲಿಲ್ಲ, ಮಳೆ ಬಂತು, ಮೇಲೆ ಶೀಟ್ ಇರಲಿಲ್ಲ. ಕಾರಣಗಳು ಇಂಥವೇ. ಆ ನೋಟ್‌ಬುಕ್ಕು ನೋಡಿಯೇ ಅವರು ಮಂಡಿಗೆ ಎರಡನೇ ತೂಕದ ಯಂತ್ರ ತರಿಸಿದ್ದು, ಮುಂಭಾಗಕ್ಕೆ ಶೀಟ್ ಹಾಕಿಸಿದ್ದು. ಆವಕದ ಪುಸ್ತಕ ಮಾತ್ರ ನೋಡಿದ್ದರೆ ಎರಡೂ ಬೇಡವೆಂದೇ ಅನಿಸುತ್ತಿತ್ತು. ಬಂದ ಮಾಲಿಗೆ ಇದ್ದ ಯಂತ್ರವೇ ಸಾಕಾಗಿತ್ತಲ್ಲ!

ನಮ್ಮ ಭಾಗದ ರೈಲು ಸುಧಾರಣೆಯ ಸುದ್ದಿ ಬಂದಾಗಲೆಲ್ಲ ಪತ್ರಿಕೆಯಲ್ಲಿ ನಾನು ಕಾಣುವುದು ಎರಡೇ ಅಂಕಿ. ಎಷ್ಟು ಕೋಟಿ, ಮೈಸೂರು–ಬೆಂಗಳೂರು ನಡುವೆ ಎಷ್ಟು ನಿಮಿಷ ಉಳಿತಾಯ. ಓದುವಾಗ ನನಗೆ ಆ ಎರಡನೇ ನೋಟ್‌ಬುಕ್ಕು ನೆನಪಾಗುತ್ತದೆ. ಅದು ಯಾರ ಬಳಿ ಇದೆ?

ನನ್ನ ಮಗಳು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾಳೆ. ದಿನಾ ಹೋಗಿ ಬರುತ್ತಾಳೆ. ಒಂದು ಕಡೆಗೆ ಸುಮಾರು 93 ಕಿಲೋಮೀಟರ್. ನಾಲ್ಕು ವರ್ಷದಿಂದ ಬೆಳಿಗ್ಗೆ ಅವಳನ್ನು ಸ್ಕೂಟರಿನಲ್ಲಿ ಸ್ಟೇಷನ್‌ಗೆ ಬಿಡುವುದು ನನ್ನ ಕೆಲಸ. ಯಾವ ರೈಲು ಎಂದು ಬರೆಯುವುದಿಲ್ಲ, ಅದೊಂದರ ಮಾತಲ್ಲ ಇದು. ಕಳೆದ ಶ್ರಾವಣದಿಂದ ನಾನೂ ಒಂದು ನೋಟ್‌ಬುಕ್ಕು ಇಟ್ಟಿದ್ದೇನೆ. ಪ್ಲಾಟ್‌ಫಾರ್ಮಿಗೆ ಬಂದು, ಸಾಮಾನ್ಯ ಬೋಗಿಯ ಬಾಗಿಲಲ್ಲಿ ಜನ ಜೋತುಬಿದ್ದದ್ದು ನೋಡಿ, ಹತ್ತದೆ ಹೊರಟವರನ್ನು ಎಣಿಸಿ ಬರೆಯುತ್ತೇನೆ.

ಒಂದು ಸೋಮವಾರ ಸೊಪ್ಪು ಮಾರುವ ಹೆಂಗಸೊಬ್ಬರು ಬಂದಿದ್ದರು. ಕೊತ್ತಂಬರಿ ಮೂಟೆ, ಮೇಲೆ ಒದ್ದೆ ಗೋಣಿತಟ್ಟು. ರೈಲು ಬಂತು. ಒಂದು ಬಾಗಿಲಿಗೆ ಓಡಿದರು, ಒಳಗಿದ್ದವರು "ಜಾಗಿಲ್ಲ ಕಣಮ್ಮ, ಮುಂದ್ಕೆ ಹೋಗು" ಎಂದರು. ಇನ್ನೊಂದು ಬಾಗಿಲಿಗೆ ಹೋಗುವಷ್ಟರಲ್ಲಿ ರೈಲು ಅಲುಗಾಡಿತು. ಆಯಮ್ಮ ಮೂಟೆ ಇಳಿಸಿ, ಬಾಟಲಿಯ ನೀರನ್ನು ಗೋಣಿತಟ್ಟಿನ ಮೇಲೆ ಚಿಮುಕಿಸಿ, ಅದರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. ನಾನು ಕೇಳಿದ್ದಕ್ಕೆ, "ಮುಂದಿನ ಗಾಡೀಗೆ ಹೋದ್ರೆ ಸೊಪ್ಪು ಬಾಡ್ತದೆ ಬುದ್ಧಿ, ರೇಟು ಅರ್ಧಕ್ಕೆ ಬತ್ತದೆ" ಎಂದರು. ಅವರ ಕೈಯಲ್ಲಿ ಟಿಕೆಟ್ ಇತ್ತು. ರೈಲ್ವೆಯ ಲೆಕ್ಕದಲ್ಲಿ ಆ ಬೆಳಿಗ್ಗೆ ಅವರು ಒಬ್ಬ ಪ್ರಯಾಣಿಕರು, ಅಷ್ಟೇ. ಟಿಕೆಟ್ಟೇ ತೆಗೆಯದೆ ಬಸ್ ಸ್ಟ್ಯಾಂಡಿಗೆ ನಡೆದವರು ಆ ಲೆಕ್ಕಕ್ಕೂ ಇಲ್ಲ.

ಮಾಸಿಕ ಪಾಸ್ ಇರುವವರ ಕಥೆ ಇನ್ನೂ ಬೇರೆ. ಪಾಸ್ ಮೇಲೆ ಎಲ್ಲಿಂದ ಎಲ್ಲಿಗೆ ಎಂದು ಬರೆದಿರುತ್ತದೆ, ಯಾವ ರೈಲಿಗೆ ಹತ್ತಿದರು ಎಂದಲ್ಲ. ಹಾಗಾಗಿ ಒಂದು ಪಾಸ್‌ಗೆ ಇಂತಿಷ್ಟು ಪ್ರಯಾಣ ಎಂದು ಅಂದಾಜಿನ ಮೇಲೆ ಹಿಡಿಯುತ್ತಾರೆ. ಬೆಳಗಿನ ಒಂದು ಗಂಟೆಯಲ್ಲಿ ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರದಲ್ಲಿ ಎಷ್ಟು ಜನ ಒಂದೇ ರೈಲಿನ ಮೇಲೆ ಬೀಳುತ್ತಾರೆ ಎಂಬುದು ಆ ಅಂದಾಜಿನಿಂದ ಹೊರಡುವುದಿಲ್ಲ. ಅದಕ್ಕೆ ಪ್ಲಾಟ್‌ಫಾರ್ಮಿನಲ್ಲಿ ನಿಂತೇ ಎಣಿಸಬೇಕು.

ಆಗಿರುವ ಕೆಲಸವನ್ನು ನಾನು ಅಲ್ಲಗಳೆಯುತ್ತಿಲ್ಲ. ಒಂಟಿ ಹಳಿಯ ಕಾಲದಲ್ಲಿ ಎದುರಿನ ಗಾಡಿಗಾಗಿ ಯಲಿಯೂರಿನಲ್ಲೋ ಹನಕೆರೆಯಲ್ಲೋ ಕಾಯುತ್ತಾ ಕೂತವರಿಗೆ ಜೋಡಿ ಹಳಿಯ ಬೆಲೆ ಗೊತ್ತು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದುಗುಂಡಿನ ಮನೆ ಹಳಿಗೆ ಅಡ್ಡ ಬಂದಾಗ ಅದನ್ನು ಒಡೆಯದೆ, ಇಡೀ ಕಟ್ಟಡವನ್ನೇ 2017ರಲ್ಲಿ ಸುಮಾರು 130 ಮೀಟರ್ ದೂರಕ್ಕೆ ಸರಿಸಿದರು. ನೋಡಲು ನಾನೂ ಹೋಗಿದ್ದೆ. ಇನ್ನೂರು ವರ್ಷದ ಗೋಡೆ ಬಿರುಕು ಬಿಡದಂತೆ ಸರಿಸುವಷ್ಟು ತಾಳ್ಮೆ, ಜಾಣ್ಮೆ ನಮ್ಮಲ್ಲಿದೆ. ಅದೇ ತಾಳ್ಮೆ ಜನರನ್ನು ಎಣಿಸುವುದರಲ್ಲೂ ಬೇಕು ಎಂಬುದಷ್ಟೇ ನನ್ನ ಮಾತು.

ಹಳಿ ಎರಡಾದ ಮೇಲೂ ವೇಗದ ರೈಲು, ನಿಧಾನದ ರೈಲು, ಗೂಡ್ಸ್ ಎಲ್ಲ ಅದೇ ಹಳಿಯ ಮೇಲೆ ಓಡಬೇಕು. ವೇಗದ್ದಕ್ಕೆ ದಾರಿ ಬಿಡಲು ನಿಧಾನದ್ದನ್ನು ಸ್ಟೇಷನ್ನಿನ ಪಕ್ಕದ ಹಳಿಗೆ, ಅಂದರೆ ಲೂಪ್ ಲೈನಿಗೆ, ಹಾಕಿ ನಿಲ್ಲಿಸುತ್ತಾರೆ. ಮೈಸೂರಿನಿಂದ ಬೆಂಗಳೂರಿಗೆ ನೇರ ಹೋಗುವವರಿಗೆ ಹತ್ತು ನಿಮಿಷ ಉಳಿಯಿತೆಂದರೆ ಲೂಪಿನಲ್ಲಿ ನಿಂತವರಿಗೆ ಎಷ್ಟು ಹೋಯಿತು? ಜಮಾ ಬರೆದವರು ಖರ್ಚನ್ನೂ ಬರೆಯಬೇಕಲ್ಲವೇ? ನಮ್ಮ ಮಂಡಿಯಲ್ಲಿ ಅಂಥ ಲೆಕ್ಕವನ್ನು ಯಾರೂ ಒಪ್ಪುವುದಿಲ್ಲ.

ಸಮಯಪಾಲನೆಯದೂ ಅದೇ ಹಾಡು. ರೈಲು ಕೊನೆಯ ನಿಲ್ದಾಣ ಮುಟ್ಟಿದ ಹೊತ್ತನ್ನು ಹಿಡಿದು ತಡವೋ ಸಮಯಕ್ಕೋ ಎಂದು ಹೇಳುತ್ತಾರೆ. 15 ನಿಮಿಷದವರೆಗೆ ತಡವಲ್ಲ. ಕೊನೆಯ ನಿಲ್ದಾಣಕ್ಕೆ ಮುಂಚಿನ ಭಾಗಕ್ಕೆ ಟೈಂಟೇಬಲ್‌ನಲ್ಲೇ ತುಸು ಹೆಚ್ಚು ಸಮಯ ಇಟ್ಟಿರುತ್ತಾರೆ, ದಾರಿಯಲ್ಲಿ ಆದ ತಡ ಅಲ್ಲಿ ಸರಿಹೋಗಲಿ ಎಂದು. ಸಂಜೆ ನನ್ನ ಮಗಳು ಬರುವ ಗಾಡಿ ಮಂಡ್ಯಕ್ಕೆ ಅರ್ಧ ಗಂಟೆ ತಡವಾಗಿ ಬಂದ ದಿನವೂ ಮುಂದಕ್ಕೆ ಹೋಗಿ ಹೆಚ್ಚುಕಡಿಮೆ ಹೊತ್ತಿಗೆ ಸರಿಯಾಗಿ ಸೇರಿದ್ದನ್ನು ಮೊಬೈಲಿನಲ್ಲಿ ನೋಡಿದ್ದೇನೆ. ಆ ಅರ್ಧ ಗಂಟೆಯಲ್ಲಿ ಕೆರಗೋಡು, ಬಸರಾಳು ಕಡೆಯ ಕೊನೆಯ ಬಸ್ಸು ಹೊರಟುಹೋಗಿರುತ್ತದೆ. ಮಗಳ ಜೊತೆ ಇಳಿಯುವ ಇಬ್ಬರು ಹುಡುಗಿಯರು ಅಂಥ ರಾತ್ರಿ ನಮ್ಮ ಮನೆಯಲ್ಲೇ ಮಲಗುತ್ತಾರೆ. ನನ್ನ ಹೆಂಡತಿ ಈಗ ತಡವಾದ ದಿನ ಕೇಳದೆಯೇ ಎರಡು ಮುದ್ದೆ ಜಾಸ್ತಿ ಕಟ್ಟುತ್ತಾಳೆ. ನಡುವಿನ ಪ್ರತಿಯೊಂದು ನಿಲ್ದಾಣದ ತಡವನ್ನೂ ಬರೆದಿಟ್ಟರೆ ಮಾತ್ರ ಇದು ಕಣ್ಣಿಗೆ ಬೀಳುವುದು.

ಇನ್ನು ಮಾಲಿನ ವಿಷಯ. ಇದು ನನ್ನ ಹೊಟ್ಟೆಪಾಡಿನ ಸಂಗತಿ, ಸ್ವಲ್ಪ ಉದ್ದ ಬರೆದರೆ ಮನ್ನಿಸಿ.

ಮಂಡ್ಯದ ಬೆಲ್ಲ ಗುಜರಾತು, ರಾಜಸ್ಥಾನದವರೆಗೆ ಹೋಗುತ್ತದೆ. 'ಒಂದು ಜಿಲ್ಲೆ ಒಂದು ಉತ್ಪನ್ನ' ಎಂದು ಸರ್ಕಾರವೇ ನಮ್ಮ ಜಿಲ್ಲೆಗೆ ಬೆಲ್ಲವನ್ನು ಆರಿಸಿದೆ. ಅಷ್ಟು ದೂರದ ಮಾಲು ರೈಲಿಗೆ ಹೇಳಿ ಮಾಡಿಸಿದ್ದು. ಆದರೆ ನಮ್ಮ ಮಂಡಿಯಿಂದ ನಾನು ಬರೆದ ಬಿಲ್ಟಿಗಳೆಲ್ಲ, ಅಂದರೆ ಮಾಲು ಸಾಗಿಸುವ ರಸೀದಿಗಳೆಲ್ಲ, ಲಾರಿಯವೇ. ಸಾಹುಕಾರರ ತಂದೆಯ ಕಾಲದಲ್ಲಿ ಬಿಡಿ ವ್ಯಾಗನ್ ಬುಕ್ ಮಾಡಿ ಕಳಿಸುತ್ತಿದ್ದರಂತೆ. ಆಮೇಲೆ ರೈಲ್ವೆ ಬಿಡಿ ವ್ಯಾಗನ್ ಬಿಟ್ಟು ಇಡೀ ರೇಕ್ (ಒಂದು ಗೂಡ್ಸ್ ರೈಲಿನ ಪೂರ್ತಿ ವ್ಯಾಗನ್ ಸಾಲು) ಲೆಕ್ಕಕ್ಕೆ ಬಂತು. ಕಲ್ಲಿದ್ದಲು, ಸಿಮೆಂಟು, ಗೊಬ್ಬರಕ್ಕೆ ಅದು ಸರಿ. ಮುಚ್ಚಿದ ವ್ಯಾಗನ್ನಿನ ಒಂದು ಪೂರ್ಣ ರೇಕ್ ಎಂದರೆ 58 ವ್ಯಾಗನ್, ಹತ್ತಿರ ಹತ್ತಿರ 4,000 ಟನ್. 25 ಟನ್ ಹೇರುವ ಲಾರಿಯಲ್ಲಿ ಹೇಳುವುದಾದರೆ 160 ಲಾರಿ. 20 ವ್ಯಾಗನ್ನಿನ ಮಿನಿ ರೇಕ್ ಎಂದರೂ ಐವತ್ತಕ್ಕೂ ಹೆಚ್ಚು ಲಾರಿ. ಒಂದೇ ದಿನ, ಒಂದೇ ಊರಿಗೆ ಅಷ್ಟು ಬೆಲ್ಲ ಹೊಂದಿಸುವ ವ್ಯಾಪಾರಿ ನಮ್ಮಲ್ಲಿಲ್ಲ. ನಮ್ಮ ಗಿರಾಕಿ ಫೋನ್ ಮಾಡಿ ಕೇಳುವುದು ಒಂದು ಲಾರಿ, ಹೆಚ್ಚೆಂದರೆ ಎರಡು.

ಹಾಗಾದರೆ ಲಾರಿ ಅಳತೆಯ ಜಾಗ ರೈಲಿನಲ್ಲಿ ಇಲ್ಲವೇ? ಇದೆ. ಪ್ರಯಾಣಿಕರ ರೈಲಿಗೆ ಸೇರಿಸುವ ಪಾರ್ಸೆಲ್ ವ್ಯಾನ್ ಒಂದಕ್ಕೆ 23 ಟನ್ ಹೇರಬಹುದು, ಹೆಚ್ಚುಕಡಿಮೆ ನಮ್ಮ ಒಂದು ಲಾರಿಯಷ್ಟು. ಮೈಸೂರಿನಿಂದ ಜೈಪುರಕ್ಕೂ ಅಜ್ಮೀರಕ್ಕೂ ರೈಲಿದೆ. ತೊಡಕು ಇರುವುದು ಹೇರುವ ಕಡೆ. ನಡುದಾರಿಯ ಸ್ಟೇಷನ್ನಿನಲ್ಲಿ ರೈಲು ನಿಲ್ಲುವ ಒಂದೆರಡು ನಿಮಿಷದಲ್ಲಿ 23 ಟನ್ ಬೆಲ್ಲ ಏರಿಸಲು ಯಾವ ಹಮಾಲರಿಂದಲೂ ಆಗದು. ರೈಲು ಹೊರಡುವ ಕಡೆಯೇ ಹೇರಬೇಕು. ಅಲ್ಲಿಯವರೆಗೆ 45 ಕಿಲೋಮೀಟರ್ ಲಾರಿ, ಒಮ್ಮೆ ಇಳಿಸು, ಒಮ್ಮೆ ಏರಿಸು. ಬೆಲ್ಲ ಎಂದರೆ ಸಿಮೆಂಟ್ ಚೀಲವಲ್ಲ. ಪ್ರತಿ ಸಲ ಎತ್ತಿ ಇಳಿಸಿದಾಗಲೂ ಅಚ್ಚಿನ ಮೂಲೆ ಮುರಿಯುತ್ತದೆ. ಮಳೆಗಾಲದ ಗಾಳಿಗೆ ಒಂದು ರಾತ್ರಿ ಇಟ್ಟರೆ ಮೈ ಬೆವರಿ ನೀರೊಡೆಯುತ್ತದೆ, ಕೈಯಿಟ್ಟರೆ ಅಂಟು. ಹಾಗಾದ ಮಾಲನ್ನು ಆ ಕಡೆಯ ವ್ಯಾಪಾರಿ ದರ ಇಳಿಸದೆ ಮುಟ್ಟುವುದಿಲ್ಲ.

ಮೈಸೂರಿಗೂ ನಂಜನಗೂಡಿಗೂ ನಡುವೆ ಕಡಕೊಳದಲ್ಲಿ ಕಂಟೇನರುಗಳನ್ನು ರೈಲಿಗೆ ಏರಿಸುವ ನಿಲ್ದಾಣವಿದೆ. 20 ಅಡಿಯ ಕಂಟೇನರ್ ಒಂದು ನಮ್ಮ ಲಾರಿಗೆ ಸರಿಸಮ. ಮಂಡಿಯ ಬಾಗಿಲಲ್ಲೇ ಒಮ್ಮೆ ತುಂಬಿ ಬೀಗ ಹಾಕಿದರೆ ಅಹಮದಾಬಾದಿನವರೆಗೂ ಬೆಲ್ಲಕ್ಕೆ ಕೈ ತಾಗುವುದಿಲ್ಲ, ಮಳೆಯೂ ತಾಗುವುದಿಲ್ಲ. ವಾರಕ್ಕೆ ಒಂದೇ ಗಾಡಿಯಾಗಲಿ, ಇಂಥ ದಿನ ಇಂಥ ಹೊತ್ತಿಗೆ ಉತ್ತರದ ಕಡೆ ತಪ್ಪದೆ ಹೊರಡುತ್ತದೆ ಎಂದರೆ ನಾಲ್ಕು ಮಂಡಿಯವರು ಕೂಡಿ ಮಾಲು ಹೊಂದಿಸುತ್ತೇವೆ. ತುಂಬಿದಾಗ ಹೊರಡುತ್ತದೆ ಎಂದರೆ ಯಾರೂ ತುಂಬುವುದಿಲ್ಲ. ಬಾಡಿಗೆ ಸ್ವಲ್ಪ ಕಡಿಮೆಯಾಯಿತು ಎಂಬುದಕ್ಕಿಂತ ಯಾವ ದಿನ ಮುಟ್ಟುತ್ತದೆ ಎಂಬ ಮಾತೇ ವ್ಯಾಪಾರಿಗೆ ಮುಖ್ಯ. ಲಾರಿಯವನು ತಾರೀಖು ಹೇಳುತ್ತಾನೆ, ನಿಭಾಯಿಸುತ್ತಾನೆ.

ಈ ಮಾತನ್ನು ಯೋಜನೆ ಮಾಡುವವರು ಮಂಡಿಗೆ ಬಂದು ಕೇಳಿದರೆ ಅರ್ಧ ದಿನದಲ್ಲಿ ತಿಳಿಯುತ್ತದೆ. ಹಳೆಯ ಗೂಡ್ಸ್ ಲೆಕ್ಕ ತೆಗೆದು ನೋಡಿದರೆ ಬೆಲ್ಲದ ಎದುರು ಸೊನ್ನೆ ಕಾಣುತ್ತದೆ, ಬೇಡಿಕೆಯೇ ಇಲ್ಲ ಎಂದು ಬರೆದುಬಿಡುತ್ತಾರೆ. ಮದ್ದೂರಿನ ಎಳನೀರಿಗೂ ಇದೇ ಗತಿ. ಅಷ್ಟು ದೊಡ್ಡ ಎಳನೀರು ಮಾರುಕಟ್ಟೆ ಹಳಿಯಿಂದ ಕೂಗಳತೆಯಲ್ಲಿದೆ, ಲಾರಿಗಳು ಮಾತ್ರ ಸಾಲುಗಟ್ಟಿ ಹೆದ್ದಾರಿ ಹಿಡಿಯುತ್ತವೆ.

ಹೆದ್ದಾರಿ ಎಂದ ಕೂಡಲೇ ಇನ್ನೊಂದು ನೆನಪಾಯಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅದಕ್ಕೂ ಮುಂಚೆ ರೈಲಿಗೆ ಎಷ್ಟು ಜನ, ಎಷ್ಟು ಮಾಲು ಬರಬಹುದು ಎಂದು ಮಾಡಿದ ಅಂದಾಜು ಏನೇ ಇರಲಿ, ಈಗ ಅದು ಹಳೆಯ ಪಂಚಾಂಗ. ಕಾರಿನವರು ಹೆದ್ದಾರಿಗೆ ಹೋದರು. ಟೋಲ್ ಕಟ್ಟಲಾರದವರು, ಮುಖ್ಯರಸ್ತೆಗೆ ಬಿಡದ ಬೈಕಿನವರು ಯಾವ ಕಡೆ ತಿರುಗಿದರು? ಬೆಂಗಳೂರಿನ ಮೆಟ್ರೊ 2021ರಲ್ಲಿ ಕೆಂಗೇರಿಗೂ 2023ರಲ್ಲಿ ಚಲ್ಲಘಟ್ಟಕ್ಕೂ ಬಂತು. ನಮ್ಮ ಜನ ಮೆಜೆಸ್ಟಿಕ್‌ವರೆಗೆ ಹೋಗದೆ ನಾಯಂಡಹಳ್ಳಿಯಲ್ಲೇ ಇಳಿದು ಮೆಟ್ರೊ ಹಿಡಿಯತೊಡಗಿದ್ದಾರೆ. ಎಲ್ಲಿ ಹೆಚ್ಚು ಹೊತ್ತು ನಿಲ್ಲಿಸಬೇಕು, ಯಾವ ಮೇಲ್ಸೇತುವೆ ಅಗಲವಾಗಬೇಕು ಎಂಬುದೆಲ್ಲ ಇದರಿಂದ ಬದಲಾಗುತ್ತದೆ.

ಮಳವಳ್ಳಿಯವರನ್ನು ಮರೆತರೆ ಈ ಪತ್ರ ಅರ್ಧವಾಗುತ್ತದೆ. ನನ್ನ ತಾಯಿಯ ತವರು ಅದು. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ 142 ಕಿಲೋಮೀಟರ್ ಮಾರ್ಗ 1996–97ರಲ್ಲೇ ಮಂಜೂರಾದದ್ದು. ಆಗ ಹುಟ್ಟಿದ ಮಕ್ಕಳಿಗೆ ಈಗ ಮಕ್ಕಳಾಗಿವೆ. ಹೊಸ ಮಾರ್ಗ ಲಾಭದ್ದು ಎನ್ನಿಸಿಕೊಳ್ಳಲು ಹೂಡಿದ ಹಣಕ್ಕೆ ಶೇ 14 ಹುಟ್ಟಬೇಕು ಎಂಬ ಅಳತೆಗೋಲನ್ನು ರೈಲ್ವೆ ಬಹಳ ವರ್ಷ ಇಟ್ಟುಕೊಂಡಿತ್ತು. ರೈಲೇ ಕಾಣದ ತಾಲ್ಲೂಕಿಗೆ ಆ ಕೋಲು ಹಿಡಿದರೆ ತಾಲ್ಲೂಕು ಯಾವತ್ತೂ ಗಿಡ್ಡವೇ. ಬೆಂಗಳೂರು–ಮೈಸೂರು ಮಾರ್ಗವನ್ನು ಕಟ್ಟಿದ್ದು 1876–78ರ, ಧಾತು–ಈಶ್ವರ ಸಂವತ್ಸರಗಳ ಬರದ ಬೆನ್ನಿಗೆ. 1882ಕ್ಕೆ ಅದು ಮೈಸೂರು ಮುಟ್ಟಿತು. ಧಾನ್ಯ ಸಾಗಿಸಲು ದಾರಿಯಿಲ್ಲದೆ ಜನ ಸತ್ತ ಹೊತ್ತಿನಲ್ಲಿ ಹಳಿ ಹಾಕಲು ಹೊರಟವರ ಮುಂದೆ ಟಿಕೆಟ್ ಮಾರಾಟದ ಅಂಕಿ ಇತ್ತೇ?

ಈ ಭಾಗದಲ್ಲಿ ಏನೇ ಕೆಲಸ ಕೈಗೆತ್ತಿಕೊಳ್ಳುವ ಮೊದಲು, ನಡುವಿನ ಸ್ಟೇಷನ್‌ಗಳಲ್ಲಿ ಬೆಳಿಗ್ಗೆ ಸಂಜೆ ಜನರನ್ನು ನಿಲ್ಲಿಸಿ ಎಣಿಸಿ. ಹಬ್ಬದ ವಾರ ಬೇಡ, ಸಾದಾ ವಾರ. ಹತ್ತಿದವರನ್ನೂ ಹತ್ತದವರನ್ನೂ ಎಣಿಸಿ. ಎಪಿಎಂಸಿಗೆ ಬನ್ನಿ, ಎಳನೀರು ಮಾರುಕಟ್ಟೆಗೆ ಬನ್ನಿ, ಲಾರಿ ಬಿಲ್ಟಿ ನೋಡಿ. ಕೆಲಸ ಮುಗಿದು ಎರಡು ವರ್ಷಕ್ಕೆ ಮತ್ತೆ ಬಂದು ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಎಣಿಸಿ. ಮೊದಲು ಹೇಳಿದ್ದು ಎಷ್ಟು, ಆದದ್ದು ಎಷ್ಟು ಎಂದು ಸ್ಟೇಷನ್ನಿನ ಗೋಡೆಗೆ ಕನ್ನಡದಲ್ಲಿ ಅಂಟಿಸಿ. ನಮ್ಮ ಸಂಸದರು, ಶಾಸಕರು ಹೊಸ ರೈಲು ಕೇಳುವುದರ ಜೊತೆಗೆ ಈ ಹಾಳೆಯನ್ನೂ ಕೇಳಲಿ.

ನನ್ನ ನೋಟ್‌ಬುಕ್ಕಿನಲ್ಲಿ ಶ್ರಾವಣದಿಂದ ಈಚೆಗಿನ ದಿನಗಳಿವೆ. ಭಾನುವಾರ ಇಲ್ಲ, ಮಗಳಿಗೆ ರಜೆ. ಯಾರಾದರೂ ಅಧಿಕಾರಿಗಳು ಕೇಳಿದರೆ ಕೊಡುತ್ತೇನೆ. ಬೆಳಿಗ್ಗೆ ಅವಳ ರೈಲು ಹೊರಡುವವರೆಗೆ ಪ್ಲಾಟ್‌ಫಾರ್ಮಿನ ನೀರಿನ ನಲ್ಲಿಯ ಹತ್ತಿರ ನಿಂತಿರುತ್ತೇನೆ.

ಇತಿ,
ಬೆಲ್ಲದ ಮಂಡಿಯ ಗುಮಾಸ್ತ
ಮಂಡ್ಯ